ಬೆಳ್ಳಕ್ಕಿಯ ಮೊದಲ ಚಳಿಗಾಲ

ನವೆಂಬರ್ ೬

ಅತ್ತೆಯವರಿಗೆ ನಮಸ್ಕಾರ.

ನಾನು ಕ್ಷೇಮವಾಗಿ ತಲುಪಿದ್ದೇನೆ. ನಿಮ್ಮ ಕಾರೂ ತಲುಪಿದೆ. ಗೇರು ಕಿರುಗುಟ್ಟಿಸಬೇಡ ಎಂದು ಗೇಟಿನ ಹತ್ತಿರ ಹೇಳಿ ಕಳಿಸಿದ್ದಿರಿ. ಹೆಚ್ಚು ಕಿರುಗುಟ್ಟಿಸಲಿಲ್ಲ ಎಂದಷ್ಟೇ ಹೇಳಬಲ್ಲೆ.

ಫೋನ್ ಬಿಟ್ಟು ಕಾಗದ ಏಕೆ ಎಂದು ನೀವು ಕೇಳುವುದಿಲ್ಲ, ಗೊತ್ತಿದೆ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡಿ ಒಟ್ಟಿಗೇ ಸಿಟ್ಟಾಗುತ್ತೇವೆ. ಕಾಗದದಲ್ಲಾದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಲೇಬೇಕು.

ಈ ಬೆಟ್ಟದ ಊರಿನಲ್ಲಿ ನನ್ನ ಕೋಣೆ ಒಂದು ಬೇಕರಿಯ ಮೇಲಿದೆ. ಕೆಳಗೆ ಒಲೆ ಇರುವ ಕಡೆ ನೆಲ ಬೆಚ್ಚಗಿರುತ್ತದೆ, ಉಳಿದ ಕಡೆ ಕಾಲಿಟ್ಟರೆ ಚುರ್ರೆನ್ನುತ್ತದೆ. ಹಾಗಾಗಿ ನನ್ನ ಮಂಚ, ಮೇಜು, ಕುರ್ಚಿ ಎಲ್ಲ ಒಂದೇ ಮೂಲೆಯಲ್ಲಿವೆ. ಆಸ್ಪತ್ರೆ ಚಿಕ್ಕದು. ಹೆರಿಗೆಗೆ ಕರೆ ಬಂದರೆ ಗುಡ್ಡದ ಮೇಲಿನ ಮನೆಗಳಿಗೆ ನಾನೇ ಕಾರಿನಲ್ಲಿ ಹೋಗಬೇಕು. ಊರಿನ ದೊಡ್ಡ ಆಸ್ಪತ್ರೆಯಲ್ಲಿ ಇಷ್ಟು ವರ್ಷ ಬೇರೆಯವರ ಕೈಗೆ ಕತ್ತರಿ ಕೊಟ್ಟಿದ್ದೇ ಬಂತು. ಇಲ್ಲಿ ಮೊನ್ನೆ ಒಂದು ಮಗು ನೇರವಾಗಿ ನನ್ನ ಕೈಗೇ ಬಂತು, ಅತ್ತೆ. ಈ ಕೆಲಸ ನನಗೆ ಬೇಕೇ ಬೇಕು.

ಆದರೆ ಡಾಕ್ಟರಮ್ಮ ಬಿಗಿ ಹೆಂಗಸು. "ಚಳಿಗಾಲ ಮುಗಿಯೋವರೆಗೆ ನೋಡ್ತೀನಿ. ಮೂರು ಸಲ ತಡ ಆದ್ರೆ ನಿಮ್ಮ ದಾರಿ ನಿಮಗೆ. ನೋವು ಬಂದವಳು ನಿಮ್ಮ ಕಾರು ಸ್ಟಾರ್ಟ್ ಆಗಲಿ ಅಂತ ಕಾಯಲ್ಲ" ಎಂದಿದ್ದಾರೆ. ನನಗಿಂತ ಮೊದಲಿದ್ದವಳು ಹೀಗೇ ಹೋದಳಂತೆ. ಇವತ್ತು ಬೆಳಿಗ್ಗೆ ಕಾರು ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ಓಡಿಕೊಂಡು ಆಸ್ಪತ್ರೆ ಸೇರಿದೆ. ಡಾಕ್ಟರಮ್ಮ ಗಡಿಯಾರ ನೋಡಿದರು, ನನ್ನನ್ನು ನೋಡಲಿಲ್ಲ. ಒಂದು ಸಲ ಆಯಿತು.

ಕೆಲಸ ಖಾಯಂ ಆದರೆ ನಿಮ್ಮ ಮಗನೂ ಇಲ್ಲಿಗೆ ಬರುವುದೆಂದು ಮಾತಾಗಿದೆ. ನೀವು ಮಾತ್ರ ಮನೆ ಬಿಟ್ಟು ಬರುವುದಿಲ್ಲ ಎಂದಿದ್ದೀರಿ. ಆ ಜಗಳವನ್ನು ಈ ಕಾಗದದಲ್ಲಿ ಎತ್ತುವುದಿಲ್ಲ. ಚಳಿಯಲ್ಲಿ ಕಾರು ಹೇಗೆ ಎಬ್ಬಿಸಬೇಕು, ಅದನ್ನಷ್ಟೇ ಹೇಳಿಕೊಡಿ.

ಇಂತಿ,
ನಿಮ್ಮ ಸೊಸೆ


ನವೆಂಬರ್ ೧೩

ಸೊಸೆಗೆ ಆಶೀರ್ವಾದ.

'ನಿಮ್ಮ ಕಾರು' ಎಂದು ಬರೆದಿದ್ದೀಯ. ಕೀಲಿ ಕೊಟ್ಟ ಮೇಲೆ ಅದು ನಿನ್ನದು. ಬೆಳ್ಳಕ್ಕಿ ಅನ್ನುವ ಹೆಸರು ನಾನಿಟ್ಟಿದ್ದು, ಅದೊಂದನ್ನು ಬದಲಾಯಿಸಬೇಡ.

ನೀನು ಏನು ಮಾಡಿರುತ್ತೀಯ ಅಂತ ನನಗೆ ಇಲ್ಲಿಂದಲೇ ಕಾಣುತ್ತದೆ. ಕೀಲಿ ತಿರುಗಿಸಿ ಹಿಡಿದೇ ಇರುತ್ತೀಯ, ಆಕ್ಸಿಲರೇಟರನ್ನು ಜಿರಲೆ ತುಳಿದ ಹಾಗೆ ತುಳಿಯುತ್ತೀಯ. ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿ ಉಸಿರು ಕಟ್ಟುತ್ತದೆ, ಬ್ಯಾಟರಿ ಸುಸ್ತಾಗುತ್ತದೆ. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವಳು ಹೇಳುತ್ತೇನೆ, ಕೇಳು. ಮೊದಲು ಲೈಟು, ವೈಪರು ಎಲ್ಲ ಆರಿಸು. ಚೋಕ್ ಗುಬ್ಬಿಯನ್ನು ಪೂರ್ತಿ ಎಳೆ, ತಣ್ಣಗಿನ ಎಂಜಿನ್ ಏಳುವುದಕ್ಕೆ ಅದು ಬೇಕು. ಕ್ಲಚ್ ಕೊನೆಯವರೆಗೆ ತುಳಿ, ಆಗ ಗೇರ್ ಪೆಟ್ಟಿಗೆಯ ಭಾರ ಎಂಜಿನ್ನಿನ ಮೇಲೆ ಬೀಳುವುದಿಲ್ಲ. ಆಕ್ಸಿಲರೇಟರ್ ಮುಟ್ಟಬೇಡ. ಕೀಲಿಯನ್ನು ಸ್ವಲ್ಪ ಹೊತ್ತು ಮಾತ್ರ ತಿರುಗಿಸು. ಆಗಲಿಲ್ಲವೋ, ಬಿಡು. ಬ್ಯಾಟರಿಗೆ ಸುಧಾರಿಸಿಕೊಳ್ಳುವುದಕ್ಕೆ ಬಿಟ್ಟು ಆಮೇಲೆ ಇನ್ನೊಮ್ಮೆ ನೋಡು.

ಸ್ಟಾರ್ಟ್ ಆದಮೇಲೆ ಅರ್ಧ ಗಂಟೆ ನಿಲ್ಲಿಸಿಕೊಂಡು ಹೊಗೆ ಉಗುಳಿಸಬೇಡ. ಗಾಜು ಒರೆಸಿ ಮುಗಿಸುವಷ್ಟು ಹೊತ್ತು ಸಾಕು. ಆಮೇಲೆ ನಿಧಾನಕ್ಕೆ ಹೊರಡು. ನಿಂತಲ್ಲಿಗಿಂತ ಓಡುತ್ತಲೇ ಎಂಜಿನ್ ಬೇಗ ಬಿಸಿಯಾಗುತ್ತದೆ. ಸದ್ದು ಮೆದುವಾದ ಹಾಗೆ ಚೋಕ್ ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳು. ರಾತ್ರಿ ಬ್ಯಾಟರಿ ಬಿಚ್ಚಿ ಕೋಣೆಗೆ ತಗೊಂಡು ಹೋಗು. ನಿನ್ನ ಬೆಚ್ಚಗಿನ ಮೂಲೆಯಲ್ಲಿ ಅದಕ್ಕೂ ಜಾಗ ಮಾಡು.

ಈ ಕಾಗದ ಬರೆಯುತ್ತಾ ಕೂತಿದ್ದಾಗ ನಿನ್ನ ಗಂಡ ಬಂದ. ಶಾಲೆಯ ಗೋಡೆಗೆ ಬಣ್ಣ ಹೊಡೆದು ಮೈಯೆಲ್ಲ ಹಳದಿ. "ಅಮ್ಮಾ, ಇಷ್ಟೊಂದೆಲ್ಲ ಯಾಕೆ ಹೇಳ್ಕೊಡ್ತೀಯ? ಕಾರು ಕೈಕೊಟ್ರೆ ಅವಳೇ ವಾಪಸ್ ಬರ್ತಾಳೆ. ಎಲ್ರೂ ಇಲ್ಲೇ ಇರಬಹುದಲ್ಲ" ಅಂದ. "ನನ್ನ ಕಾರು ಯಾವತ್ತಾದ್ರೂ ಕೈಕೊಟ್ಟಿದ್ದು ನೋಡಿದ್ದೀಯೇನೋ" ಅಂದೆ. ಬಣ್ಣ ತೊಳೆಯುವುದಕ್ಕೆ ಬಚ್ಚಲಿಗೆ ಹೋದ.

ಇಂತಿ,
ನಿನ್ನ ಅತ್ತೆ


ಡಿಸೆಂಬರ್ ೨

ಅತ್ತೆಯವರಿಗೆ ನಮಸ್ಕಾರ.

ನೀವು ಹೇಳಿದ ಹಾಗೆ ಮಾಡಿದೆ. ಎರಡನೇ ಸಲಕ್ಕೆ ಬೆಳ್ಳಕ್ಕಿ ಎದ್ದಳು. ಖುಷಿಗೆ ಸ್ಟೀರಿಂಗಿಗೆ ಒಂದು ಮುತ್ತು ಕೊಟ್ಟೆ, ತುಟಿ ಮರಗಟ್ಟಿತು. ಅವತ್ತಿಂದ ದಿನಾ ಸ್ಟಾರ್ಟ್ ಆಗುತ್ತಿದ್ದಾಳೆ. ಬ್ಯಾಟರಿ ಹೊತ್ತುಕೊಂಡು ಮೆಟ್ಟಿಲು ಹತ್ತುವುದನ್ನು ನೋಡಿ ಬೇಕರಿಯಣ್ಣ, "ಅಮ್ಮಾವ್ರೇ, ಮಗೂನ ಮಲಗಿಸೋಕೆ ಹೊರಟ್ರಾ?" ಎಂದು ರೇಗಿಸುತ್ತಾನೆ.

ಈಗ ಕೆಟ್ಟ ಸುದ್ದಿ. ಬೈಯಬೇಡಿ. ಬೈದರೂ ಕಾಗದದಲ್ಲಿ ಬೈಯಿರಿ, ನಿಮ್ಮ ಮಗನ ಮುಂದೆ ಬೇಡ.

ನಿನ್ನೆ ಬೆಳಿಗ್ಗೆ ಮುಂದಿನ ಗಾಜಿನ ಮೇಲೆ ಹಿಮ ಕಲ್ಲಿನ ಹಾಗೆ ಕೂತಿತ್ತು. ಉಗುರಲ್ಲಿ ಕೆರೆದೆ, ಚಮಚದಲ್ಲಿ ಕೆರೆದೆ, ಆಗಲಿಲ್ಲ. ಗುಡ್ಡದ ಮನೆಯಿಂದ ಕರೆ ಬಂದಿತ್ತು. ಸೂಲಗಿತ್ತಿಗೆ ಕಷ್ಟ ಬಂದರೆ ತಲೆಗೆ ಹೊಳೆಯುವುದು ಒಂದೇ: ಬಿಸಿನೀರು. ಮೇಲೆ ಓಡಿ, ಒಂದು ಪಾತ್ರೆ ಮರಳುವ ನೀರು ತಂದು ಗಾಜಿನ ಮೇಲೆ ಸುರಿದೆ. ಟಪ್ ಅಂತ ಒಂದು ಸದ್ದು. ಗಾಜು ಈ ಮೂಲೆಯಿಂದ ಆ ಮೂಲೆಗೆ ಸೀಳಿತು.

ಸೀಳಿದ ಗಾಜಿನಲ್ಲೇ ತಲೆ ಪಕ್ಕಕ್ಕೆ ಹಾಕಿ ನೋಡುತ್ತಾ ಓಡಿಸಿಕೊಂಡು ಹೋದೆ. ನಾನು ಹೋಗುವಷ್ಟರಲ್ಲಿ ಮಗು ಹುಟ್ಟಿ, ಅಜ್ಜಿಯ ಮಡಿಲಲ್ಲಿ ಮಲಗಿತ್ತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ, ನಾನೊಬ್ಬಳೇ ಚೆನ್ನಾಗಿರಲಿಲ್ಲ. ಡಾಕ್ಟರಮ್ಮ "ಎರಡು" ಎಂದಷ್ಟೇ ಹೇಳಿದರು. ಗಾಜು ಹೊಸದು ಹಾಕಿಸಿದ್ದೇನೆ. ಆದರೆ ಹೆದರಿಕೆ ಹೋಗಿಲ್ಲ, ಅತ್ತೆ. ಇನ್ನು ಒಂದೇ ಸಲ ಉಳಿದಿದೆ, ನಿಜವಾದ ಚಳಿ ಇನ್ನೂ ಶುರುವೇ ಆಗಿಲ್ಲವಂತೆ.

ಇಂತಿ,
ನಿಮ್ಮ ಸೊಸೆ


ಡಿಸೆಂಬರ್ ೧೦

ಸೊಸೆಗೆ ಆಶೀರ್ವಾದ.

ಬೈಯುವುದಕ್ಕೆಂದೇ ಪೆನ್ನು ಹಿಡಿದು ಕೂತೆ. 'ಚಮಚದಲ್ಲಿ ಕೆರೆದೆ' ಅನ್ನುವ ಕಡೆ ಬಂದಾಗ ನಗು ಬಂತು. ಬಿಸಿನೀರಿನ ಕಡೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಕ್ಕದ ಮನೆಯವಳು ಬೇಲಿ ದಾಟಿ ಬಂದು, "ಏನಾಯ್ತು, ಹುಷಾರಾಗಿದ್ದೀರಾ?" ಅಂತ ಕೇಳಿದಳು. ನೀನು ಹೋದಮೇಲೆ ಈ ಮನೆಯಲ್ಲಿ ಯಾರೂ ಹೀಗೆ ನಕ್ಕಿರಲಿಲ್ಲ. ಗಾಜು ಹೋದರೆ ಹೋಗಲಿ ಬಿಡು.

ಬೆಟ್ಟದ ಡ್ರೈವರುಗಳ ಬಾಯಲ್ಲಿ ಕೇಳಿದ್ದು ಹೇಳುತ್ತೇನೆ. ಇನ್ನು ಮೇಲೆ ಸಂಜೆಯೇ ಗಾಜಿನ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿ ಅದರ ಎರಡು ತುದಿ ಬಾಗಿಲಿಗೆ ಸಿಕ್ಕಿಸು. ಬೆಳಿಗ್ಗೆ ಎಳೆದರೆ ಹಿಮವೆಲ್ಲ ಅದರ ಜೊತೆಗೇ ಬರುತ್ತದೆ. ವೈಪರುಗಳನ್ನು ಎತ್ತಿ ನಿಲ್ಲಿಸು, ಇಲ್ಲದಿದ್ದರೆ ಗಾಜಿಗೆ ಅಂಟುತ್ತವೆ. ಬಾಗಿಲ ರಬ್ಬರಿಗೆ ಮೇಣದಬತ್ತಿ ಉಜ್ಜು, ಬಾಗಿಲು ಹಿಮಕ್ಕೆ ಕಚ್ಚಿಕೊಳ್ಳುವುದಿಲ್ಲ. ಹ್ಯಾಂಡ್ ಬ್ರೇಕ್ ಹಾಕದೆ ಇಳಿಯಬೇಡ ಅಂತ ನಿನ್ನ ಡ್ರೈವಿಂಗ್ ಸ್ಕೂಲಿನವನು ಹೇಳಿರುತ್ತಾನೆ. ಹಿಮದಲ್ಲಿ ಹಾಕಿದರೆ ಅದು ಹಿಡಿದುಕೊಂಡು ಬಿಡುವುದೇ ಇಲ್ಲ. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಒಂದು ಕಲ್ಲು ಕೊಟ್ಟು ಇಳಿ. ಕಾರಿನ ಮೂತಿ ಗೋಡೆಯ ಕಡೆಗಿರಲಿ, ಗಾಳಿಗೆ ಬೇಡ.

ಒಂದು ಮಾತು ಮರೆತಿದ್ದೆ. ರೇಡಿಯೇಟರಿಗೆ ಯಾರ ಮಾತು ಕೇಳಿಯೂ ಕೂಲಂಟ್ ಅನ್ನುವ ಸುಡುಗಾಡು ಬಣ್ಣದ ನೀರು ಹಾಕಿಸಬೇಡ. ಅಂಗಡಿಯವರು ಅದನ್ನು ಮಾರುವುದಕ್ಕೆ ಏನು ಬೇಕಾದರೂ ಹೇಳುತ್ತಾರೆ. ನಾನು ಬೆಳ್ಳಕ್ಕಿಗೆ ಸೋಸಿದ ಶುದ್ಧ ನೀರು ಬಿಟ್ಟು ಬೇರೇನೂ ಕುಡಿಸಿದವಳಲ್ಲ. ಬೆಟ್ಟದ ಊರುಗಳಿಗೂ ಬಾಡಿಗೆ ಹೋಗಿದ್ದೇನೆ, ಬೆಳಿಗ್ಗೆ ಹೋಗಿ ಸಂಜೆ ಇಳಿದಿದ್ದೇನೆ, ಒಂದು ದಿನವೂ ತೊಂದರೆ ಕೊಟ್ಟವಳಲ್ಲ.

ಹೆದರಬೇಡ. ನೀನು ಹೆದರಿದರೆ ಕಾಲು ಬಿಗಿಯಾಗುತ್ತದೆ, ಕಾಲು ಬಿಗಿಯಾದರೆ ಕ್ಲಚ್ ಹಾಳಾಗುತ್ತದೆ.

ಇಂತಿ,
ನಿನ್ನ ಅತ್ತೆ


ಡಿಸೆಂಬರ್ ೨೦

ಪ್ರೀತಿಯ ಅತ್ತೆಗೆ,

ಬೆಡ್‌ಶೀಟ್ ಉಪಾಯಕ್ಕೆ ಇಡೀ ಬೀದಿ ಬೆರಗಾಗಿದೆ. ಈಗ ಬೇಕರಿಯಣ್ಣನ ವ್ಯಾನು, ಎದುರು ಮನೆಯ ಗಡಿಯಾರ ರಿಪೇರಿಯವರ ಕಾರು, ಎಲ್ಲವೂ ಸಂಜೆಯಾದರೆ ಹೊದ್ದು ಮಲಗುತ್ತವೆ.

ಒಂದು ವಿಷಯ ಹೇಳಬೇಕು. ರಾತ್ರಿ ಈಗ ಬಕೆಟ್ಟಿನ ನೀರೆಲ್ಲ ತಳದವರೆಗೆ ಗಡ್ಡೆ ಕಟ್ಟುತ್ತಿದೆ. "ಕಾರಿಗೆ ಕೂಲಂಟ್ ಹಾಕ್ಸಿದ್ದೀರಾ?" ಎಂದು ಬೇಕರಿಯಣ್ಣ ಕೇಳಿದ. ಬರೀ ನೀರು ಎಂದೆ. ಹಿಟ್ಟಿನ ಕೈಯನ್ನೇ ತಲೆಯ ಮೇಲೆ ಇಟ್ಟುಕೊಂಡ. ನೀರು ಗಡ್ಡೆ ಕಟ್ಟಿದರೆ ಹಿಗ್ಗಿ ಎಂಜಿನ್ನನ್ನೇ ಸೀಳುತ್ತದಂತೆ. ಗಾಜಾದರೆ ಹೊಸದು ಬರುತ್ತದೆ, ಎಂಜಿನ್ ಒಡೆದರೆ ಬೆಳ್ಳಕ್ಕಿಯ ಕಥೆ ಮುಗಿದ ಹಾಗೆ ಎಂದ.

ನೀವು ಬೇಡ ಎಂದಿದ್ದೀರಿ. ನಿಮ್ಮ ಕಾರನ್ನು ನನಗಿಂತ ನೀವು ಬಲ್ಲಿರಿ. ಹಾಗಾಗಿ ನಿಮ್ಮ ಮಾತನ್ನೂ ಮೀರದೆ, ನೀರೂ ಗಡ್ಡೆ ಕಟ್ಟದ ಹಾಗೆ ಒಂದು ದಾರಿ ಮಾಡಿಕೊಂಡಿದ್ದೇನೆ. ದಿನಾ ಸಂಜೆ ರೇಡಿಯೇಟರಿನ ಕೆಳಗಿನ ನಲ್ಲಿ, ಎಂಜಿನ್ನಿನ ನಲ್ಲಿ ಎರಡನ್ನೂ ತಿರುಗಿಸಿ ನೀರೆಲ್ಲ ಇಳಿಸುತ್ತೇನೆ. ಬೆಳಿಗ್ಗೆ ಉಗುರುಬೆಚ್ಚಗಿನ ನೀರು ತುಂಬುತ್ತೇನೆ. ಚಳಿಗೆ ಬೆರಳು ಇಲ್ಲವೇ ಇಲ್ಲ ಅನ್ನಿಸುತ್ತದೆ. ಕರೆ ಬಂದ ಮೇಲೆ ನೀರು ತುಂಬಿ ಹೊರಡುವುದಕ್ಕೆ ಹೊತ್ತೂ ಹಿಡಿಯುತ್ತದೆ, ಅದೇ ಭಯ. ಅವಸರದ ಕರೆ ಇನ್ನೂ ಬಂದಿಲ್ಲ. ಬಂದರೆ ಮೂರನೆಯದೂ ಆಗಿಹೋಗುತ್ತದೆ.

ಏನು ಮಾಡಲಿ, ಹೇಳಿ. ನೀವು ಹೇಳಿದ ಹಾಗೇ ಮಾಡುತ್ತೇನೆ.

ನಿಮ್ಮ ಸೊಸೆ


ಡಿಸೆಂಬರ್ ೨೬

ಅಯ್ಯೋ ಮಾರಾಯ್ತಿ,

ಮದುವೆಯಾಗಿ ಬಂದಾಗಿನಿಂದ ನನ್ನ ಒಂದು ಮಾತನ್ನಾದರೂ ಕೇಳಿದ್ದೀಯಾ? ಕಿಟಕಿ ಮುಚ್ಚು ಅಂದರೆ ತೆಗೆದೆ. ಕೂದಲು ಕತ್ತರಿಸಬೇಡ ಅಂದರೆ ಕತ್ತರಿಸಿಕೊಂಡು ಬಂದೆ. ಕೇಳಲೇಬಾರದ ಮಾತೊಂದನ್ನು ಹೇಳಿದಾಗ ಮಾತ್ರ ಇಷ್ಟು ಚೆನ್ನಾಗಿ ಕೇಳಿದ್ದೀಯಲ್ಲ, ನಿನಗೆ ಏನು ಹೇಳಲಿ.

ನಿನ್ನ ಕಾಗದ ಓದಿದವಳೇ ಎದ್ದೆ. ಚಪ್ಪಲಿ ಮೆಟ್ಟಿಕೊಂಡು ಸೀದಾ ಎಲ್ಲರೂ ಸ್ಪ್ಯಾನರ್ ಅಂತ ಕರೆಯುವ ಗ್ಯಾರೇಜಿನ ಮೆಕ್ಯಾನಿಕ್ ಹತ್ತಿರ ಹೋದೆ. ಅವನ ನಿಜವಾದ ಹೆಸರು ಅವನಿಗೇ ಮರೆತಿದೆ, ಕೆಲಸ ಮಾತ್ರ ಮರೆತಿಲ್ಲ. "ಅಕ್ಕಾ, ನೀವು ಬೆಟ್ಟಕ್ಕೆ ಹೋಗಿ ಸಂಜೆಗೆ ಇಳಿದು ಬಿಸಿಲಿಗೆ ಬರ್ತಿದ್ರಿ. ಕಾರು ರಾತ್ರಿಯೆಲ್ಲ ಅಲ್ಲಿ ಮಲಗಿದ್ದೇ ಇಲ್ವಲ್ಲ" ಅಂದ. ಅಷ್ಟು ಸಾಕಾಯಿತು. ಬೆಳ್ಳಕ್ಕಿ ಯಾವತ್ತೂ ನನ್ನ ಅಂಗಳ ಬಿಟ್ಟು ಬೇರೆಲ್ಲೂ ಮಲಗಿದವಳಲ್ಲ, ನಾನು ಅದನ್ನು ಯೋಚನೆಯೇ ಮಾಡಲಿಲ್ಲ.

ಈ ಕಾಗದ ಓದಿ ಮಡಿಸುವ ಮೊದಲೇ ಹೋಗಿ ಕೂಲಂಟ್ ಹಾಕಿಸು. ಅರ್ಧ ಕೂಲಂಟ್, ಅರ್ಧ ನೀರು. ಎಂಜಿನ್ ಆಯಿಲೂ ತೆಳುವಾದದ್ದು ಹಾಕಿಸು, ನಾನು ಹಾಕಿಸಿದ್ದು ಸೆಕೆಗೆ, ಚಳಿಗೆ ಜೇನುತುಪ್ಪದಂತೆ ಗಟ್ಟಿಯಾಗಿರುತ್ತದೆ. ಇನ್ನೊಂದು ಕೆಲಸ ಇದೆ. ಆ ಕಾರಿನಲ್ಲಿ ಹೀಟರ್ ಇದೆ. ನಿನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಈ ಊರಿನ ಸೆಕೆಯಲ್ಲಿ ಹೀಟರ್ ಯಾರಿಗೆ ಬೇಕು ಅಂತ, ಕಾರು ತಂದ ವಾರವೇ ಅದರ ಪೈಪು ಕಟ್ಟಿಸಿಬಿಟ್ಟಿದ್ದೆ. ಬಿಚ್ಚಿಸು.

ಬೆರಳಿಗೆ ಉಣ್ಣೆಯ ಗವುಸು ಹೆಣೆದು ಕಳಿಸಿದ್ದೇನೆ. ಕಣ್ಣು ಸರಿಯಾಗಿ ಕಾಣದೆ ಒಂದಕ್ಕೆ ಆರು ಬೆರಳಾಗಿದೆ. ಕೈಗೆ ಹಾಕಿಕೊ, ಎಣಿಸುವುದಕ್ಕೆ ಹೋಗಬೇಡ.

ನಿನ್ನ ಅತ್ತೆ


ಜನವರಿ ೩

ಅತ್ತೆ,

ಎರಡೇ ಸಾಲು. ಕೂಲಂಟ್ ಆಯಿತು, ಆಯಿಲ್ ಆಯಿತು. ಹೀಟರ್ ಬಿಚ್ಚಿಸಿ ಹಾಕಿದಾಗ ಮೊದಲು ಹಳೆಯ ಧೂಳು, ಎರಡು ಒಣ ಎಲೆ, ಆಮೇಲೆ ಬಿಸಿಗಾಳಿ ಬಂತು. ಎಲ್ಲಿಗೂ ಹೋಗುವುದಿರಲಿಲ್ಲ, ಆದರೂ ಇಳಿಯಲು ಮನಸ್ಸಾಗದೆ ಒಳಗೇ ಕೂತಿದ್ದೆ. ಆರು ಬೆರಳಿನ ಗವುಸು ನೋಡಿ ಡಾಕ್ಟರಮ್ಮ ಮೊದಲ ಸಲ ನಕ್ಕರು.

ನಿಮ್ಮ ಸೊಸೆ


ಫೆಬ್ರವರಿ ೯

ನನ್ನ ಅತ್ತೆಗೆ,

ಕೂತು ಓದಿ. ಓದುವುದಕ್ಕೆ ಕಷ್ಟವಾದರೆ ನಿಮ್ಮ ಮಗನ ಕೈಲಿ ಓದಿಸಿಕೊಳ್ಳಿ, ಆದರೆ ನಿಧಾನವಾಗಿ ಓದಬೇಕೆಂದು ಹೇಳಿ.

ಮೊನ್ನೆ ಈ ವರ್ಷದಲ್ಲೇ ಅತಿ ಹೆಚ್ಚು ಚಳಿಯ ಬೆಳಗು. ಗಡಿಯಾರ ರಿಪೇರಿಯವರ ಕಾರು ಏಳಲಿಲ್ಲ, ವ್ಯಾನೂ ಏಳಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಫೋನ್ ಬಂತು. ಗುಡ್ಡದ ತುದಿಯ ಮನೆ, ಚೊಚ್ಚಲ ಹೆರಿಗೆ, ನೋವು ಜೋರಾಗಿದೆ ಎಂದರು. ಕೆಳಗಿಳಿದೆ, ಬ್ಯಾಟರಿ ಕೂರಿಸಿದೆ, ಬೆಡ್‌ಶೀಟ್ ಎಳೆದೆ. ಚೋಕ್, ಕ್ಲಚ್, ಕೀಲಿ. ಒಮ್ಮೆ ಗೊರ್ ಎಂದು ಸುಮ್ಮನಾದಳು. ಆಕ್ಸಿಲರೇಟರ್ ತುಳಿಯಬೇಕೆಂದು ಕಾಲು ತುಡಿಯುತ್ತಿತ್ತು. ತುಳಿಯಲಿಲ್ಲ. ಬ್ಯಾಟರಿ ಸುಧಾರಿಸಿಕೊಳ್ಳಲಿ ಎಂದು ಕಾದು, ಇನ್ನೊಮ್ಮೆ ತಿರುಗಿಸಿದೆ. ಎದ್ದಳು, ಅತ್ತೆ.

ಅಷ್ಟರಲ್ಲಿ ಇನ್ನೊಂದು ಫೋನ್. ಡಾಕ್ಟರಮ್ಮ. "ನಿಮ್ಮ ಕಾರು..." ಎಂದರು. ಈಗ ಹೊರಟೆ, ತಡವಾಗುವುದಿಲ್ಲ ಎಂದು ಗಡಿಬಿಡಿಯಲ್ಲಿ ಹೇಳಿದೆ. "ಅದಲ್ಲ. ನನ್ನದು ಸ್ಟಾರ್ಟ್ ಆಗ್ತಿಲ್ಲ. ನನ್ನನ್ನೂ ಕರ್ಕೊಂಡು ಹೋಗ್ತೀರಾ?" ಎಂದರು. ಅವರ ಕಾರು ಕಳೆದ ವರ್ಷ ಕೊಂಡದ್ದು. ಚೀಲ ತಬ್ಬಿಕೊಂಡು ಗೇಟಿನ ಮುಂದೆ ನಿಂತಿದ್ದರು, ಮೂಗಿನ ತುದಿ ಕೆಂಪಗಾಗಿತ್ತು. ಒಳಗೆ ಕೂತವರೇ ಹೀಟರಿನ ಮುಂದೆ ಎರಡೂ ಕೈ ಚಾಚಿದರು.

ಹೋಗಿ ನೋಡಿದರೆ ಹೊಟ್ಟೆಯಲ್ಲಿ ಮಗು ಅಡ್ಡಲಾಗಿದೆ ಅನ್ನಿಸಿತು. ಆಸ್ಪತ್ರೆಗೇ ಕರೆದುಕೊಂಡು ಹೋಗೋಣ ಎಂದೆವು. ತಾಯಿಯನ್ನು ಕಂಬಳಿ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ನಾನು ಅವಳ ಪಕ್ಕ ಕೂತೆ. ಡಾಕ್ಟರಮ್ಮ ಸ್ಟೀರಿಂಗ್ ಹಿಡಿದರು, ಅವಳ ಗಂಡ ಮುಂದೆ ಕೂತ. ಪೆಟ್ರೋಲ್ ಬಂಕಿನ ತಿರುವಿಗೆ ಬರುವಷ್ಟರಲ್ಲಿ ಮಗು ತಾನೇ ತಿರುಗಿ ಹೊರಟೇಬಿಟ್ಟಿತು. ಕಾರು ನಿಲ್ಲಿಸಿದೆವು. ಜಾಗ ಬದಲಾಯಿಸುವುದಕ್ಕೆ ಹೊತ್ತೂ ಇಲ್ಲ, ಜಾಗವೂ ಇಲ್ಲ. ಎಂಜಿನ್ ಆರಿದರೆ ಹೀಟರ್ ಹೋಗುತ್ತದೆ, ಹೀಟರ್ ಹೋದರೆ ಮಗುವಿನ ಗತಿ ಏನು. "ಡಾಕ್ಟರಮ್ಮ, ಎಂಜಿನ್ ಆರೋಕೆ ಬಿಡಬೇಡಿ. ಚೋಕ್ ಒಳಗೆ ತಳ್ಳಿ. ಪೂರ್ತಿ ಬೇಡ, ಅರ್ಧ. ಆಕ್ಸಿಲರೇಟರ್ ಮೇಲೆ ಕಾಲು ಸುಮ್ನೆ ಇಟ್ಟಿರಿ" ಎಂದೆ. ಮಗುವಿನ ಅಪ್ಪನನ್ನು ಕೆಳಗಿಳಿಸಿ ಸೈಲೆನ್ಸರಿನ ಬಾಯಿಯ ಹತ್ತಿರದ ಹಿಮ ತೆಗೆಸಿದೆ, ಹೊಗೆ ಒಳಗೆ ನಿಲ್ಲದ ಹಾಗೆ ಒಂದು ಗಾಜು ಬೆರಳಷ್ಟು ಇಳಿಸಿದೆ. ಡಾಕ್ಟರಮ್ಮ ಕಮಕ್ ಕಿಮಕ್ ಎನ್ನದೆ ಹೇಳಿದಷ್ಟು ಮಾಡಿದರು.

ಹೆಣ್ಣುಮಗು. ಬೆಳ್ಳಕ್ಕಿಯ ಸದ್ದನ್ನೂ ಮೀರಿಸಿ ಕಿರುಚಿತು. ಅವಳ ಅಪ್ಪ ಹಿಮದಲ್ಲಿ ನಿಂತು ನಗುತ್ತಾ, ಅಳುತ್ತಾ ಕಾರಿನ ಬಾನೆಟ್ ಸವರುತ್ತಿದ್ದ.

ಆಸ್ಪತ್ರೆ ಸೇರಿ ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಕೇಳಿದರು, "ಇದನ್ನೆಲ್ಲ ನಿಮಗೆ ಯಾರು ಕಲಿಸಿದ್ದು?" ನಮ್ಮತ್ತೆ ಎಂದೆ. "ಅವರನ್ನ ನಾನು ನೋಡಬೇಕಲ್ಲ" ಎಂದರು. ಆಮೇಲೆ, "ಚಳಿಗಾಲ ಮುಗಿಯೋದನ್ನ ಕಾಯೋದು ಬೇಡ. ಕೆಲಸ ನಿಮ್ಮದೇ" ಎಂದರು.

ಕೆಲಸ ನನ್ನದಾಯಿತು, ಅತ್ತೆ. ಮೆಟ್ಟಿಲ ಮೇಲೆ ಕುಣಿದೆ, ಬೇಕರಿಯಣ್ಣ ಬೀದಿಗೆಲ್ಲ ಬನ್ನು ಹಂಚಿದ. ಈಗ ಮೊದಲ ಕಾಗದದಲ್ಲಿ ಎತ್ತದೆ ಬಿಟ್ಟ ಜಗಳ ಎತ್ತುತ್ತೇನೆ. ನೀವೂ ಬನ್ನಿ. ನಿಮ್ಮ ಮಗನಿಗಾಗಿ ಕರೆಯುತ್ತಿಲ್ಲ. ಕಾರಿಗಾಗಿಯೂ ಅಲ್ಲ, ಅದು ಈಗ ನನ್ನ ಮಾತು ಕೇಳುತ್ತದೆ. ನನಗೆ ನೀವು ಬೇಕು, ಅದಕ್ಕೆ ಕರೆಯುತ್ತಿದ್ದೇನೆ.

ನಿಮ್ಮ
ಸೊಸೆ


ಫೆಬ್ರವರಿ ೧೬

ನನ್ನ ಸೊಸೆಗೆ,

ನಿನ್ನ ಕಾಗದವನ್ನು ನಿನ್ನ ಗಂಡನ ಕೈಲಿ ಓದಿಸಿದೆ. ಕೀಲಿ ತಿರುಗಿಸಿದಾಗ ಬೆಳ್ಳಕ್ಕಿ ಸುಮ್ಮನಾದಳು ಅನ್ನುವ ಕಡೆ ಅವನು ನಿಲ್ಲಿಸಿದ. ಓದೋ ಬೇಗ ಅಂತ ಗದರಿದೆ. ಮಗು ಹುಟ್ಟಿದ ಕಡೆಯನ್ನು ಎರಡು ಸಲ ಓದಿಸಿದೆ. ಆಮೇಲೆ ಸ್ಪ್ಯಾನರ್ ಬಂದ, ಅವನಿಗೂ ಓದಿ ಹೇಳಿದೆವು. ಪಕ್ಕದ ಮನೆಯವಳು ಬಂದಳು, ಅವಳಿಗೂ ಓದಿ ಹೇಳಿದೆವು. ಕಾಗದದ ಮಡಿಕೆ ಹರಿದಿದೆ.

ಈಗ ನಾನೊಂದು ಮಾತು ಹೇಳುತ್ತೇನೆ. ನಿನಗೆ ಕೆಲಸ ಖಾಯಂ ಆದರೆ ನೀನು ಈ ಮನೆಗೆ ತಿರುಗಿ ಬರುವುದಿಲ್ಲ, ಅವನೂ ಹೊರಡುತ್ತಾನೆ ಅನ್ನುವುದು ನನಗೆ ಗೊತ್ತಿಲ್ಲದ ಮಾತಲ್ಲ. ಚೋಕ್ ಬಗ್ಗೆ ಬರೆಯುವಾಗಲೂ ಗೊತ್ತಿತ್ತು, ಕೂಲಂಟ್ ಬಗ್ಗೆ ಬರೆಯುವಾಗಲೂ ಗೊತ್ತಿತ್ತು. ಬರೆಯದೆ ಇರುವುದಕ್ಕೆ ಆಗಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ನನಗೆ ಬರುತ್ತಿದ್ದ ಯೋಚನೆ ಒಂದೇ, ಇವತ್ತು ಅವಳಿಗೆ ಸ್ಟಾರ್ಟ್ ಆಯಿತೋ ಇಲ್ಲವೋ. ಕಾರನ್ನು ಬಿಟ್ಟಿರುವುದು ಕಷ್ಟ ಅಂದುಕೊಂಡಿದ್ದೆ. ಕಾರಿಲ್ಲದ ಅಂಗಳ ಒಂದು ವಾರಕ್ಕೆ ರೂಢಿಯಾಯಿತು. ಕಿಟಕಿ ತೆಗೆಯುವವರಿಲ್ಲದ ಮನೆ ಇನ್ನೂ ರೂಢಿಯಾಗಿಲ್ಲ.

ಬರುತ್ತೇನೆ. ಅವನಿಗೆ ಶಾಲೆಯ ಗೋಡೆ ಮುಗಿಯಬೇಕು, ಅವನು ಆಮೇಲೆ ಬರಲಿ. ನಾನು ಗುರುವಾರದ ಬಸ್ಸಿಗೆ ಹತ್ತುತ್ತೇನೆ. ಸಾಮಾನು ಹೆಚ್ಚಿಲ್ಲ, ಒಂದು ಪೆಟ್ಟಿಗೆ. ನಾನು ಯಾವ ಕೆಲಸಕ್ಕೂ ಬರುತ್ತಿಲ್ಲ ಅಂತ ಡಾಕ್ಟರಮ್ಮನಿಗೆ ಮೊದಲೇ ಹೇಳು, ನೋಡುವುದಾದರೆ ಬಂದು ನೋಡಲಿ.

ಬಸ್ ನಿಲ್ದಾಣಕ್ಕೆ ಬೆಳ್ಳಕ್ಕಿಯನ್ನು ತಗೊಂಡು ಬಾ. ಇಳಿದ ಮೇಲೆ, ಅತ್ತೆ ನೀವೇ ಓಡಿಸಿ ಅಂತ ಮರ್ಯಾದೆಗೆ ಕೀಲಿ ಕೊಡಲು ಬರಬೇಡ. ರಸ್ತೆಗೆ ಈಗ ನನ್ನ ಕಣ್ಣು ಸಾಲದು. ನೀನೇ ಓಡಿಸು, ನಾನು ಪಕ್ಕದಲ್ಲಿ ಕೂರುತ್ತೇನೆ. ಮೂವತ್ತು ವರ್ಷದಲ್ಲಿ ಆ ಕಾರಿನ ಪಕ್ಕದ ಸೀಟಿನಲ್ಲಿ ನಾನು ಒಂದು ದಿನವೂ ಕೂತಿಲ್ಲ. ಕೂರಿಸಿಕೊಂಡು ಹೋಗುವವರು ಯಾರೂ ಇರಲಿಲ್ಲ.

ನಿನ್ನ
ಅತ್ತೆ